ಮುಚ್ಚಿದ ಕಾಲೇಜನ್ನು ಉಳಿಸಿಕೊಳ್ಳಲು ಹಳೆ ವಿದ್ಯಾರ್ಥಿಗಳು ಎಲ್ಲಿಂದ ಶುರು ಮಾಡಬೇಕು?

ಕಾಲೇಜು ಮುಚ್ಚಿತು ಅನ್ನುವ ಸುದ್ದಿ ವಾಟ್ಸಾಪ್ ಗುಂಪಿಗೆ ಬಂದ ದಿನ ಎಲ್ಲರೂ ಮಾತಾಡುತ್ತಾರೆ. ಹಳೆ ಫೋಟೋ ಹಾಕುತ್ತಾರೆ. ಕ್ಯಾಂಟೀನಿನ ಗೋಳಿಬಜೆ ನೆನಪಾಗುತ್ತದೆ. "ಏನಾದರೂ ಮಾಡಬೇಕು" ಎಂದು ಐವತ್ತು ಜನ ಬರೆಯುತ್ತಾರೆ. ವಾರ ಕಳೆದ ಮೇಲೆ ಗುಂಪು ತಣ್ಣಗಾಗುತ್ತದೆ. ಅಷ್ಟು ಹೊತ್ತಿಗೆ ಕಟ್ಟಡದ ಒಳಗೆ ಗೆದ್ದಲು ಕೆಲಸ ಶುರು ಮಾಡಿರುತ್ತದೆ.

ನಾನು ಓದಿದ್ದು ಮಂಗಳೂರಿಗೂ ಉಡುಪಿಗೂ ನಡುವೆ ಇದ್ದ ಒಂದು ಸಣ್ಣ ಕಾಲೇಜಿನಲ್ಲಿ. ಹೆಸರು ಇಲ್ಲಿ ಬೇಡ. ಸೇರುವ ಮಕ್ಕಳು ಕಡಿಮೆಯಾಗಿ ಬಾಗಿಲು ಹಾಕಿದರು. ನಾವು ಕೆಲವರು ಸೇರಿ ಅದರ ನೆನಪು, ಕಾಗದ, ಕಟ್ಟಡ ಉಳಿಸಲು ಓಡಾಡುತ್ತಿದ್ದೇವೆ. ಆ ಓಡಾಟದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾವು ಮಾಡಿದ ತಪ್ಪು ನಿಮ್ಮಿಂದ ಆಗಬಾರದು.

ನಮ್ಮ ದೊಡ್ಡ ತಪ್ಪು ಅಂದರೆ ಕೆಲಸದ ಕ್ರಮವೇ ತಲೆಕೆಳಗಾದದ್ದು. ಮೊದಲು ಮನವಿ ಬರೆದೆವು, ಸಭೆ ಕರೆದೆವು, ಪೇಪರಿಗೆ ಸುದ್ದಿ ಕೊಟ್ಟೆವು. ಮೊದಲು ಕಾಗದಪತ್ರ ನೋಡಬೇಕಿತ್ತು. ಆಮೇಲೆ ಮಾಡು, ಅಂದರೆ ಹಂಚಿನ ಛಾವಣಿ. ಉಳಿದದ್ದೆಲ್ಲ ಅದರ ನಂತರ.

ಮೊದಲ ಕೆಲಸ: ಬೀಗದ ಕೈ ಮತ್ತು ರಿಜಿಸ್ಟರು

ಆಡಳಿತ ಮಂಡಳಿಗೆ ಒಂದು ಪತ್ರ ಬರೆಯಿರಿ. ಅದರಲ್ಲಿ ಬೇಡಿಕೆ ಬೇಡ, ಸಿಟ್ಟೂ ಬೇಡ. "ಹಳೆ ದಾಖಲೆ ನೋಡಿ, ಪಟ್ಟಿ ಮಾಡಿ, ಫೋಟೋ ತೆಗೆಯಲು ಎರಡು ದಿನ ಅನುಮತಿ ಕೊಡಿ" ಎಂದಷ್ಟೇ ಕೇಳಿ. ಅನುಮತಿ ಬರವಣಿಗೆಯಲ್ಲಿ ಸಿಗಲಿ. ಬಾಯಿಮಾತಿನಲ್ಲಿ ಹೂಂ ಅಂದವರು ಮುಂದಿನ ವರ್ಷ ಆ ಸ್ಥಾನದಲ್ಲಿ ಇರುವುದಿಲ್ಲ. ಒಳಗೆ ಹೋಗುವಾಗ ಹಳೆ ಅಟೆಂಡರನ್ನು ಕರೆದುಕೊಂಡು ಹೋಗಿ. ಯಾವ ಕಪಾಟಿನಲ್ಲಿ ಏನಿದೆ ಅಂತ ಪ್ರಿನ್ಸಿಪಾಲರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ನಾವು ಒಳಗೆ ಹೋದದ್ದು ಕಾಲೇಜು ಮುಚ್ಚಿ ಹತ್ತಿರ ಹತ್ತಿರ ಒಂದು ವರ್ಷದ ಮೇಲೆ. ಮೇ ತಿಂಗಳ ಸೆಕೆ. ಆಫೀಸಿನ ಕಬ್ಬಿಣದ ಕಪಾಟು ಸರಿಯಾಗಿಯೇ ಇತ್ತು. ಪಕ್ಕದಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದ್ದ ಮರದ ಕಪಾಟಿನಲ್ಲೂ ರಿಜಿಸ್ಟರುಗಳು ಸಾಲಾಗಿ ನಿಂತಿದ್ದವು. ಬೆನ್ನಿನ ಮೇಲೆ ಕೆಂಪು ಬಟ್ಟೆ, ಬಿಳಿ ಚೀಟಿ, ಅದರಲ್ಲಿ ವರ್ಷ. ಅಟೆಂಡರಣ್ಣ ಒಂದನ್ನು ಎಳೆದರು. ಕೈಗೆ ಭಾರವೇ ಇಲ್ಲ. ರಟ್ಟು ಮಾತ್ರ ಬಂತು, ಒಳಗಿಂದ ಒಣಮಣ್ಣು ಸುರಿಯಿತು. ಐದು ವರ್ಷದ ಪ್ರವೇಶ ರಿಜಿಸ್ಟರು ಹಾಗೆ ಹೋಯಿತು. ನನ್ನ ಅಕ್ಕನ ಹೆಸರು ಅದರಲ್ಲಿತ್ತು. ಒಂದು ಬೇಸಿಗೆ ಮುಂಚೆ ಬಂದಿದ್ದರೆ ಉಳಿಯುತ್ತಿತ್ತು ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ.

ಹಾಗಾಗಿ ಮೊದಲ ದಿನವೇ ಇವನ್ನು ಹುಡುಕಿ: ಪ್ರವೇಶ ರಿಜಿಸ್ಟರು, ಟಿಸಿ ಪುಸ್ತಕ, ಅಂಕಗಳ ಲೆಡ್ಜರು, ಸಿಬ್ಬಂದಿಯ ಸೇವಾ ಪುಸ್ತಕ, ಆಡಳಿತ ಮಂಡಳಿಯ ನಡಾವಳಿ ಪುಸ್ತಕ, ಲೈಬ್ರರಿಯ ಆಕ್ಸೆಶನ್ ರಿಜಿಸ್ಟರು (ಬಂದ ಪುಸ್ತಕಗಳನ್ನೆಲ್ಲ ನಂಬರ್ ಹಾಕಿ ಬರೆದ ಪಟ್ಟಿ), ವಾರ್ಷಿಕ ಸಂಚಿಕೆಗಳು, ಕಟ್ಟಡದ ನಕ್ಷೆ, ಜಾಗದ ಪತ್ರಗಳು. ಇವು ಸುಮ್ನೆ ನೆನಪಿನ ವಸ್ತುಗಳಲ್ಲ. ಅರವತ್ತು ದಾಟಿದವರಿಗೆ ಹುಟ್ಟಿದ ದಿನದ ದಾಖಲೆ ಬೇಕಾಗುತ್ತದೆ. ಮಗಳ ಹತ್ತಿರ ವಿದೇಶಕ್ಕೆ ಹೋಗುವವರು ಟಿಸಿ ಪ್ರತಿ ಕೇಳಿಕೊಂಡು ಬರುತ್ತಾರೆ. ಕಾಲೇಜು ಮುಚ್ಚಿದರೂ ಆ ಜವಾಬ್ದಾರಿ ಮುಗಿಯುವುದಿಲ್ಲ, ಅಲ್ವಾ?

ಮೂಲ ರಿಜಿಸ್ಟರುಗಳನ್ನು ಮನೆಗೆ ಒಯ್ಯಬೇಡಿ. ಅವು ನಿಮ್ಮವಲ್ಲ. ಅವು ಯಾರ ವಶದಲ್ಲಿ ಇರುತ್ತವೆ ಅಂತ ಆಡಳಿತ ಮಂಡಳಿಯಿಂದ ಲಿಖಿತವಾಗಿ ಕೇಳಿ. ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿ ಮಂಗಳೂರಿನಲ್ಲೇ ಇದೆ. ಆ ಪತ್ರದ ಒಂದು ಪ್ರತಿ ಅಲ್ಲಿಗೂ ಹೋಗಲಿ.

ನಕಲು ಮಾಡುವಾಗ ಬರಹದ ಪುಟಕ್ಕೆ 300 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ) ಸಾಕು. ಫೋಟೋಗಳಿಗೆ 600 ಇರಲಿ. ಸ್ಕ್ಯಾನರ್ ಇಲ್ಲದಿದ್ದರೆ ಜಗಲಿಯ ಬೆಳಕಿನಲ್ಲಿ ಫ್ಲ್ಯಾಶ್ ಹಾಕದೆ ಮೊಬೈಲಿನಲ್ಲೇ ತೆಗೆಯಿರಿ. ಫೈಲಿಗೆ ವರ್ಷ, ರಿಜಿಸ್ಟರಿನ ಹೆಸರು, ಪುಟಸಂಖ್ಯೆ ಕೊಡಿ. ಇದನ್ನು ಆವತ್ತೇ ಮಾಡಿ. ನಾಳೆ ಅಂದರೆ ನಾಲ್ಕು ಸಾವಿರ ಫೋಟೋ ಹೆಸರಿಲ್ಲದೆ ಉಳಿಯುತ್ತವೆ. ಮೂರು ಪ್ರತಿ ಇಡಿ. ಒಂದು ಪ್ರತಿ ಕರಾವಳಿಯ ಹೊರಗೆ, ಬೆಂಗಳೂರಿನಲ್ಲಿರುವ ಯಾರದಾದರೂ ಮನೆಯಲ್ಲಿ ಇದ್ದರೆ ಒಳ್ಳೆಯದು.

ಒದ್ದೆಯಾದ ಕಾಗದವನ್ನು ಬಿಸಿಲಿಗೆ ಹಾಕಬೇಡಿ. ನೆರಳಿನಲ್ಲಿ, ಫ್ಯಾನಿನ ಗಾಳಿಯಲ್ಲಿ ಒಣಗಲಿ. ಪುಟಗಳ ನಡುವೆ ಬಿಳಿ ಹಾಳೆ ಇಡಿ. ನ್ಯೂಸ್ ಪೇಪರ್ ಇಟ್ಟರೆ ಅದರ ಶಾಯಿ ಅಂಟುತ್ತದೆ. ಹರಿದಲ್ಲಿ ಸೆಲ್ಲೋಟೇಪು ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪೆಟ್ಟಿಗೆಗಳು ನೆಲದಿಂದಲೂ ಗೋಡೆಯಿಂದಲೂ ಒಂದು ಗೇಣು ದೂರ ಇರಲಿ.

ಸ್ಕ್ಯಾನ್ ಮಾಡಿದ್ದನ್ನೆಲ್ಲ ಫೇಸ್‌ಬುಕ್ಕಿಗೆ ಹಾಕುವ ಉತ್ಸಾಹ ಕೆಲವರಿಗೆ ಬರುತ್ತದೆ. ತಡೆಯಿರಿ. ಪ್ರವೇಶ ರಿಜಿಸ್ಟರಿನಲ್ಲಿ ಜಾತಿ, ತಂದೆಯ ವರಮಾನ, ಹುಟ್ಟಿದ ದಿನ ಎಲ್ಲ ಇರುತ್ತದೆ. ಅದು ಆ ವ್ಯಕ್ತಿಗೆ ಮಾತ್ರ ಸೇರಿದ್ದು. ಸಂಚಿಕೆ, ನಾಟಕದ ಫೋಟೋ, ಕ್ರೀಡಾಕೂಟದ ಫೋಟೋ ಹಂಚಿಕೊಳ್ಳಬಹುದು.

ಕಳೆದುಹೋದ ದಾಖಲೆ ಎಲ್ಲಿ ಸಿಗುತ್ತದೆ

ನಮ್ಮ ಜಿಲ್ಲೆಯ ಚರಿತ್ರೆ ತಿಳಿದಿದ್ದರೆ ಈ ಹುಡುಕಾಟ ಸುಲಭ. ಮಂಗಳೂರು ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ. ಅದಕ್ಕೂ ಹಿಂದಿನ ಪದವಿ ಮೈಸೂರು ವಿಶ್ವವಿದ್ಯಾಲಯದ್ದು. 1956ರಲ್ಲಿ ರಾಜ್ಯ ಒಂದಾಗುವ ತನಕ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಆದ್ದರಿಂದ ಬಹಳ ಹಳೆಯ ಕಾಲೇಜಾದರೆ ಮದರಾಸು ವಿಶ್ವವಿದ್ಯಾಲಯ, ಮತ್ತು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ. ನಿಮ್ಮ ಅಜ್ಜನ ಪದವಿ ಪತ್ರದ ತಲೆಬರಹ ನೋಡಿದರೆ ಪತ್ರ ಎಲ್ಲಿಗೆ ಬರೆಯಬೇಕು ಅಂತ ಗೊತ್ತಾಗುತ್ತದೆ.

ಮಿಷನ್ ಸಂಸ್ಥೆಯ ಕಾಲೇಜು ಅಥವಾ ತರಬೇತಿ ಶಾಲೆ ಆಗಿದ್ದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರಕ್ಕೆ ಒಮ್ಮೆ ಹೋಗಿ ಬನ್ನಿ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದ ಸಾಮಗ್ರಿ ಅಲ್ಲಿದೆ. ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಪಡೆದಿದ್ದ ಕಾಲೇಜಾದರೆ ಅದು ಸಲ್ಲಿಸಿದ ಸ್ವ-ಅಧ್ಯಯನ ವರದಿ ಹುಡುಕಿ. ಜಾಗದ ವಿಸ್ತೀರ್ಣ, ಕಟ್ಟಡಗಳು, ಲೈಬ್ರರಿ ಪುಸ್ತಕಗಳ ಲೆಕ್ಕ ಅದರಲ್ಲಿ ಇರುತ್ತದೆ.

ಜಾಗ ಯಾರದು

ಭಾವನೆಯ ಮಾತು ಬದಿಗಿಟ್ಟು ಜಾಗದ ಪತ್ರ ನೋಡಿ. ಸರ್ವೆ ನಂಬರ್ ಸಿಕ್ಕಿದರೆ ಆರ್‌ಟಿಸಿ, ಅಂದರೆ ಪಹಣಿ, ಆನ್‌ಲೈನಿನಲ್ಲೇ ಸಿಗುತ್ತದೆ. ನಗರದ ಒಳಗಿದ್ದರೆ ಪ್ರಾಪರ್ಟಿ ಕಾರ್ಡ್ ಕೇಳಿ. ಋಣಭಾರ ಪತ್ರವನ್ನು, ಅಂದರೆ ಎಲ್ಲರೂ ಹೇಳುವ ಇಸಿಯನ್ನು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ತೆಗೆಯಬಹುದು. ತುಂಬಾ ಹಳೆಯ ವರ್ಷಗಳದ್ದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಪುಸ್ತಕದಲ್ಲೇ ಹುಡುಕಿಸಬೇಕು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಹಳೆ ಕ್ಯಾಂಪಸ್ಸಿನಲ್ಲಿ ಒಂದಷ್ಟು ವರ್ಗ (ಸ್ವಂತ ಪಟ್ಟಾ) ಜಾಗ, ಒಂದಷ್ಟು ಕುಮ್ಕಿ (ವರ್ಗ ಜಾಗಕ್ಕೆ ಹೊಂದಿದ ಸರ್ಕಾರಿ ಜಾಗ), ಒಂದಷ್ಟು ಮೂಲಗೇಣಿ (ಶಾಶ್ವತ ಗೇಣಿ) ಹೀಗೆ ಬೆರೆತಿರಬಹುದು. ಆಟದ ಮೈದಾನ ಕುಮ್ಕಿಯಲ್ಲಿದ್ದರೆ ಅದು ಸರ್ಕಾರದ ಜಾಗ. ಇದು ನಿಮಗೆ ಅನುಕೂಲವೂ ಆಗಬಹುದು, ತೊಂದರೆಯೂ ಆಗಬಹುದು.

ಎಲ್ಲಕ್ಕಿಂತ ಮುಖ್ಯ ದಾನಪತ್ರ. ಊರಿನ ಒಬ್ಬ ಹಿರಿಯರು "ವಿದ್ಯಾಭ್ಯಾಸದ ಉದ್ದೇಶಕ್ಕೆ" ಎಂದು ಬರೆದು ಜಾಗ ಕೊಟ್ಟಿದ್ದರೆ ಆ ಒಂದು ಸಾಲಿಗೆ ಬಹಳ ಬೆಲೆ ಇದೆ. ಸರ್ಕಾರ ಮಂಜೂರು ಮಾಡಿದ ಜಾಗವಾದರೆ ಮಂಜೂರಾತಿ ಆದೇಶದಲ್ಲಿ ಷರತ್ತು ಇರುತ್ತದೆ. ಆ ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಕಾಲೇಜಿನ ಕತೆ ಹೇಳಲು ಹೋಗದೆ ಸರ್ವೆ ನಂಬರ್ ಬರೆದು ಆದೇಶದ ಪ್ರತಿ ಮಾತ್ರ ಕೇಳಿ.

ಪತ್ತನಾಜೆಯ ಒಳಗೆ ಮಾಡಿನ ಕೆಲಸ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಹಂಚಿನ ಕಟ್ಟಡಕ್ಕೆ ಜನ ಇದ್ದರೆ ಆಯುಷ್ಯ. ಒಂದು ಹಂಚು ಒಡೆದರೆ ಯಾರಾದರೂ ಹತ್ತಿ ಬದಲಿಸುತ್ತಾರೆ. ಬೀಗ ಬಿದ್ದ ಮೇಲೆ ಆ ಒಂದು ಹಂಚಿನಿಂದ ನೀರು ಇಳಿದು ರೀಪು (ಹಂಚು ಕೂರುವ ಮರದ ಪಟ್ಟಿ) ಕೊಳೆಯುತ್ತದೆ. ರೀಪು ಹೋದರೆ ಹತ್ತು ಹಂಚು ಜಾರುತ್ತವೆ. ಆಮೇಲೆ ರೀಪನ್ನು ಹೊತ್ತ ಪಕ್ಕಾಸಿನ ತುದಿ ಗೋಡೆಯ ಹತ್ತಿರ ಮೆತ್ತಗಾಗುತ್ತದೆ. ಮೂರು ಮಳೆಗಾಲ ಹೀಗೆ ಬಿಟ್ಟರೆ "ಕಟ್ಟಡ ಅಪಾಯಕಾರಿ, ಕೆಡವಬೇಕು" ಅನ್ನುವ ವರದಿ ಬರೆಯಲು ಯಾರಿಗೂ ಕಷ್ಟವಿಲ್ಲ.

ಪತ್ತನಾಜೆ ಬರುವುದು ಮೇ 24ರ ಆಸುಪಾಸು. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನ. ಮಾಡಿನ ಕೆಲಸ ಅದಕ್ಕೂ ಒಂದು ವಾರ ಮುಂಚೆ ಮುಗಿದಿರಬೇಕು. ಏಪ್ರಿಲ್ ಮೊದಲ ವಾರ ಹಂಚಿನ ಕೆಲಸದವರನ್ನು ಹೇಳಿಟ್ಟುಕೊಳ್ಳಿ. ಮೇ ತಿಂಗಳಲ್ಲಿ ಅವರು ಯಾರಿಗೂ ಸಿಗುವುದಿಲ್ಲ. ದುಡ್ಡು ಕಡಿಮೆ ಇದ್ದರೆ ಇಡೀ ಮಾಡಿಗೆ ಕೈ ಹಾಕಬೇಡಿ. ಮೊದಲು ಎರಡು ಮಾಡು ಸೇರುವ ಕಡೆ ನೀರು ಹರಿದುಹೋಗುವ ತಗಡಿನ ದಂಬೆ ನೋಡಿ. ಸೋರುವುದು ಜಾಸ್ತಿ ಅಲ್ಲೇ. ಎಲೆ, ಕಸ ತೆಗೆದು, ತೂತು ಬಿದ್ದ ತಗಡು ಬದಲಿಸಿದರೆ ಅರ್ಧ ಸೋರಿಕೆ ನಿಲ್ಲುತ್ತದೆ. ಆಮೇಲೆ ಮಾಡಿನ ನೆತ್ತಿಯ ಹಂಚು. ಆಮೇಲೆ ಒಡೆದ ಹಂಚುಗಳು. ಅದಕ್ಕೂ ಆಗದಿದ್ದರೆ ದಾಖಲೆ ಇರುವ ಕೋಣೆಯ ಮೇಲಾದರೂ ಗಟ್ಟಿ ಟಾರ್ಪಾಲು ಕಟ್ಟಿ.

ಇಳಿಸಿದ ಹಂಚನ್ನು ಬಿಸಾಡಬೇಡಿ. ಒಂದನ್ನು ತೊಳೆದು ಕವುಚಿ ನೋಡಿ. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ನಮ್ಮ ಕಟ್ಟಡದ ಹಂಚಿನಲ್ಲಿ 1865 ಎಂದು ಕಂಡು ಗುಂಪಿನಲ್ಲಿ ಸಂಭ್ರಮವೋ ಸಂಭ್ರಮ, ಕಟ್ಟಡ ಅಷ್ಟು ಹಳೆಯದು ಅಂತ. ಹಾಗಲ್ಲ. 1865 ಅಂದರೆ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಅದನ್ನು ಗುರುತಾಗಿ ಬಹಳ ಕಾಲ ಒತ್ತುತ್ತಿದ್ದರು. ಹೆಸರು ಗಮನಿಸಿ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಂಚಿನಲ್ಲಿ ಕಾಮನ್‌ವೆಲ್ತ್ ಅಂತ ಇದ್ದರೆ ಅದು ಆಮೇಲಿನದು. ಅಲ್ಬುಕರ್ಕ್ ಎಂಬ ಇನ್ನೊಂದು ಕಾರ್ಖಾನೆಯ ಹಂಚೂ ಸಿಗಬಹುದು. ಮಾಡಿನ ಯಾವ ಭಾಗದಲ್ಲಿ ಯಾವ ಹೆಸರು ಅಂತ ಬರೆದಿಟ್ಟರೆ ಕಟ್ಟಡ ಹೇಗೆ ಬೆಳೆಯಿತು ಅಂತ ಊಹಿಸಲು ದಾರಿ ಆಗುತ್ತದೆ. ಆದರೆ ಹಂಚು ಬದಲಾಗಿರಬಹುದು. ನಡಾವಳಿ ಪುಸ್ತಕದ ಜೊತೆ ತಾಳೆ ನೋಡದೆ ವರ್ಷ ಘೋಷಿಸಬೇಡಿ.

ಗೋಡೆಯ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕೆಂಪುಕಲ್ಲಿನ ಹಳೆ ಗೋಡೆಗೆ ಸಿಮೆಂಟ್ ಬಳಿಯಬೇಡಿ. ಕೆಂಪುಕಲ್ಲು ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ಅವಕಾಶ ಕೊಡುತ್ತದೆ. ಸಿಮೆಂಟ್ ಮುಚ್ಚಿದರೆ ನೀರು ಒಳಗೇ ನಿಂತು ಕಲ್ಲು ಪುಡಿಯಾಗುತ್ತದೆ. ನಮ್ಮಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಒಳ್ಳೆಯ ಮನಸ್ಸಿನಿಂದ ಒಂದು ಗೋಡೆಗೆ ಸಿಮೆಂಟ್ ಮಾಡಿಸಿ ಪ್ಲಾಸ್ಟಿಕ್ ಪೇಂಟ್ ಹೊಡೆಸಿದರು. ಮುಂದಿನ ಮಳೆಗಾಲಕ್ಕೆ ಅದು ಹಪ್ಪಳದಂತೆ ಉಬ್ಬಿತು. ಗೋಡೆಯಲ್ಲಿ ಅಶ್ವತ್ಥದ ಗಿಡ ಹುಟ್ಟಿದ್ದರೆ ಎಳೆದು ಕೀಳಬೇಡಿ, ಬೇರಿನ ಜೊತೆ ಕಲ್ಲೂ ಸಡಿಲಾಗುತ್ತದೆ. ಕತ್ತರಿಸಿ, ಬೇರು ಸಾಯುವಂತೆ ಮಾಡಿ, ಆಮೇಲೆ ಸಂದು ತುಂಬಿ.

ದೊಡ್ಡ ದುರಸ್ತಿಗೆ ಮುಂಚೆ ಹಳೆ ಕಟ್ಟಡ ಗೊತ್ತಿರುವ ಆರ್ಕಿಟೆಕ್ಟ್ ನೋಡಲಿ. ಹಳೆ ಕಟ್ಟಡ, ಕಲೆ ಉಳಿಸುವ ಕೆಲಸ ಮಾಡುವ ಇಂಟಾಕ್ ಸಂಸ್ಥೆಯ ಮಂಗಳೂರು ಘಟಕ ಇದೆ, ಅಲ್ಲಿ ವಿಚಾರಿಸಿ. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಆಂಟೋನಿಯೋ ಮೊಸ್ಕೇನಿ 1900ರ ಆಸುಪಾಸು ಬರೆದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಅವು ಇವತ್ತಿಗೂ ಹೀಗೆ ಕಾಣಬೇಕಾದರೆ ಇಂಟಾಕ್‌ನ ಪರಿಣತರು ಕೂತು ಕೆಲಸ ಮಾಡಿದ್ದಾರೆ. ಪೇಂಟರ್ ಕರೆಸಿ ಮುಗಿಸುವ ಕೆಲಸ ಅಲ್ಲ ಅದು.

ಸಂಘ ಮತ್ತು ದುಡ್ಡು

ವಾಟ್ಸಾಪ್ ಗುಂಪಿನ ಹೆಸರಿನಲ್ಲಿ ದುಡ್ಡು ಎತ್ತಬೇಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಉದ್ದೇಶದ ಸಾಲಿನಲ್ಲಿ "ಹಳೆ ವಿದ್ಯಾರ್ಥಿಗಳ ಸ್ನೇಹಕೂಟ" ಎಂದು ನಿಲ್ಲಿಸದೆ ದಾಖಲೆ ಮತ್ತು ಕಟ್ಟಡದ ಸಂರಕ್ಷಣೆ ಎಂದು ಸ್ಪಷ್ಟವಾಗಿ ಬರೆಯಿರಿ. ಮುಂದೆ ಆಕ್ಷೇಪಣೆ ಸಲ್ಲಿಸುವಾಗ ಅದು ಬೇಕಾಗುತ್ತದೆ. ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸಿ. ಎಷ್ಟೋ ಸಂಘಗಳು ಸೊರಗುವುದು ಇಲ್ಲೇ.

ಗಲ್ಫಿನಲ್ಲಿರುವ ನಮ್ಮವರು ಧಾರಾಳವಾಗಿ ಕೊಡುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕಿನ ಮೂಲಕ ತಮ್ಮ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಕೊಟ್ಟರೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ, ಅನುಮತಿ ಬೇಕು. ಕೆನಡಾದ ಗೆಳೆಯ ಕಳಿಸಿದ ಒಂದು ಮೊತ್ತದಿಂದ ಸಂಘಕ್ಕೆ ನೋಟಿಸು ಬರಬಾರದು. ಮೊದಲೇ ಲೆಕ್ಕ ಪರಿಶೋಧಕರನ್ನು ಕೇಳಿ.

ಕೆಡವುವ ಮಾತು ಬಂದರೆ

ಸ್ಮಾರಕ ಎಂದು ಘೋಷಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಾವೂ ಅಂದುಕೊಂಡಿದ್ದೆವು. ಅದಕ್ಕೆ ಕಟ್ಟಡಕ್ಕೆ ನೂರು ವರ್ಷ ಆಗಿರಬೇಕು. ಆದರೂ ಖಾಸಗಿ ಸಂಸ್ಥೆಯ ಕಟ್ಟಡ ಸುಲಭವಾಗಿ ಆ ಪಟ್ಟಿಗೆ ಸೇರುವುದಿಲ್ಲ. ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಹತ್ತಿರದ ದಾರಿ ನಗರಾಭಿವೃದ್ಧಿ ಪ್ರಾಧಿಕಾರದ ಮಾಸ್ಟರ್ ಪ್ಲಾನ್. ಅದರಲ್ಲಿ ನಿಮ್ಮ ಕ್ಯಾಂಪಸ್ ಯಾವ ಬಣ್ಣದಲ್ಲಿದೆ ನೋಡಿ. ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಬಳಕೆ ಎಂದಿದ್ದರೆ ಅಲ್ಲಿ ಫ್ಲ್ಯಾಟ್ ಕಟ್ಟಲು ಭೂಬಳಕೆ ಬದಲಾವಣೆ ಆಗಬೇಕು. ಅದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆ ಸಣ್ಣ ಅಕ್ಷರದಲ್ಲಿ ಬರುತ್ತದೆ. ನಿಮ್ಮಲ್ಲಿ ನಿವೃತ್ತರಾದ ಒಬ್ಬರಿಗೆ ದಿನಾ ಬೆಳಿಗ್ಗೆ ಪೇಪರಿನ ಆ ಪುಟ ಓದುವ ಕೆಲಸ ಕೊಡಿ. ನಮ್ಮಲ್ಲಿ ಇದನ್ನು ಸಂಸ್ಕೃತ ಮೇಡಂ ಮಾಡುತ್ತಾರೆ. ದೊಡ್ಡ ಮರಗಳಿದ್ದರೆ ಕಡಿಯಲು ಅರಣ್ಯ ಇಲಾಖೆಯ ಮರ ಅಧಿಕಾರಿಯ ಅನುಮತಿ ಬೇಕು ಅನ್ನುವುದೂ ನೆನಪಿರಲಿ.

ಟ್ರಸ್ಟಿನ ಆಸ್ತಿಯನ್ನು ಉದ್ದೇಶ ಮೀರಿ ಮಾರುತ್ತಿದ್ದಾರೆ ಅನ್ನಿಸಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಇದೆ. ಹಿತಾಸಕ್ತಿ ಇರುವ ಇಬ್ಬರು ಅಥವಾ ಹೆಚ್ಚು ಜನ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಇದು ಕೊನೆಯ ದಾರಿ. ಕೋರ್ಟಿಗೆ ಹೋದ ದಿನದಿಂದ ಆಡಳಿತ ಮಂಡಳಿ ನಿಮಗೆ ಬೀಗದ ಕೈ ಕೊಡುವುದಿಲ್ಲ. ಮಾಡು ಮಾತ್ರ ಸೋರುತ್ತಲೇ ಇರುತ್ತದೆ. ಅದಕ್ಕಿಂತ ಆಡಳಿತ ಮಂಡಳಿಯ ಹಿರಿಯರ ಮನೆಗೆ ಇಬ್ಬರು ಹೋಗಿ ಕೂತು ಮಾತಾಡುವುದು ಮೇಲು. ಅವರಿಗೂ ಕಾಲೇಜು ಮುಚ್ಚಿದ ನೋವು ಇರುತ್ತದೆ. ಸಂಬಳ ಕೊಡಲಾಗದೆ ನಿದ್ದೆ ಕೆಟ್ಟವರು ಅವರು.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಕಟ್ಟಡಕ್ಕೆ ಹೊಸ ಬಳಕೆಯ ಒಂದು ಯೋಜನೆ ಕೈಯಲ್ಲಿರಲಿ. ಯಕ್ಷಗಾನ ತರಬೇತಿ, ಸ್ಪರ್ಧಾ ಪರೀಕ್ಷೆಯ ವಾಚನಾಲಯ, ಹತ್ತಿರದ ಶಾಲೆಗೆ ಹೆಚ್ಚುವರಿ ಕೋಣೆ, ಏನಾದರೂ ಸರಿ. ವಾರಕ್ಕೆ ಮೂರು ದಿನ ಕಿಟಕಿ ತೆರೆದರೂ ಕಟ್ಟಡ ಉಸಿರಾಡುತ್ತದೆ. ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ ಟಾಗೋರರು 1922ರಲ್ಲಿ ಬಂದು ಮಾತಾಡಿದ ಸಭಾಂಗಣ ರವೀಂದ್ರ ಕಲಾಭವನ ಆಗಿ ಬಳಕೆಯಲ್ಲಿದೆ. ನಿಮ್ಮ ಕಾಲೇಜಿಗೆ ಯಾರು ಬಂದಿದ್ದರು? ಹಳೆ ಸಂಚಿಕೆಗಳಲ್ಲಿ ಹುಡುಕಿ.

ನೆನಪು ದಾಖಲಿಸುವುದು

ಎಂಬತ್ತು ದಾಟಿದ ಮೇಷ್ಟ್ರುಗಳಿಂದ ಶುರು ಮಾಡಿ, ತಡ ಮಾಡಬೇಡಿ. ಅವರು ತುಳು ಮಾತಾಡಿದರೆ ತುಳುವಿನಲ್ಲೇ, ಕೊಂಕಣಿ ಅಥವಾ ಬ್ಯಾರಿ ಮಾತಾಡಿದರೆ ಅದರಲ್ಲೇ ರೆಕಾರ್ಡ್ ಮಾಡಿ. "ನಿಮ್ಮ ಅನುಭವ ಹೇಳಿ" ಅಂದರೆ ಸನ್ಮಾನ ಸಭೆಯ ಭಾಷಣ ಬರುತ್ತದೆ. "ಸಿಪಿಸಿ ಬಸ್ಸಿನಲ್ಲಿ ಬರುತ್ತಿದ್ದಿರಾ ಸರ್? ಮಳೆಗಾಲದಲ್ಲಿ ಹೊಳೆ ಹೇಗೆ ದಾಟುತ್ತಿದ್ದಿರಿ? ಮೊದಲ ಸಂಬಳ ಎಷ್ಟು?" ಎಂದು ಕೇಳಿ. ನಮ್ಮ ನಿವೃತ್ತ ಲೈಬ್ರರಿಯನ್ ಅಕ್ಕ ಹೀಗೆ ಮಾತಾಡುತ್ತಾ ಎದ್ದು ಹೋಗಿ, ಮುಚ್ಚುವ ದಿನ ಯಾರೂ ಕೇಳದೆ ತಮ್ಮ ಬಳಿಯೇ ಉಳಿದಿದ್ದ ಲೈಬ್ರರಿಯ ದಿನಾಂಕದ ಸೀಲನ್ನು ತಂದು ಮೇಜಿನ ಮೇಲೆ ಇಟ್ಟರು. ಅದರಲ್ಲಿ ಕೊನೆಯ ದಿನದ ತಾರೀಕು ಹಾಗೆಯೇ ಇತ್ತು.

ಲೈಬ್ರರಿ ಪುಸ್ತಕಗಳು ಗುಜರಿಗೆ ಹೋಗದಂತೆ ನೋಡಿಕೊಳ್ಳಿ. ಆಕ್ಸೆಶನ್ ರಿಜಿಸ್ಟರ್ ಇಟ್ಟುಕೊಂಡು ಅಪರೂಪದ್ದನ್ನು ಬೇರೆ ಮಾಡಿ. ಹಳೆ ಕನ್ನಡ, ತುಳು ಪುಸ್ತಕಗಳಿದ್ದರೆ ಉಡುಪಿ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ವಿಚಾರಿಸಿ. ಉಳಿದ ಪಠ್ಯಪುಸ್ತಕ ಹತ್ತಿರದ ಕಾಲೇಜಿಗೆ ಕೊಡಬಹುದು.

ಕಟ್ಟಡ ಉಳಿಯದಿದ್ದರೆ

ಎಲ್ಲ ಮಾಡಿದ ಮೇಲೂ ಕೆಲವು ಕಟ್ಟಡ ಹೋಗುತ್ತವೆ. ಕೆಡವುವ ದಿನ ಗೊತ್ತಾದರೆ ಅದಕ್ಕೂ ಮುಂಚೆ ಅಳತೆ ಹಿಡಿದು ಪೂರ್ತಿ ನಕ್ಷೆ ಮಾಡಿಸಿ. ಆರ್ಕಿಟೆಕ್ಚರ್ ಓದುವ ಮಕ್ಕಳನ್ನು ಅವರ ಕಾಲೇಜಿನ ಮೂಲಕ ಕೇಳಿ ನೋಡಿ. ಬಾಗಿಲು, ಕಂಬ, ಕಿಟಕಿ ಬಿಚ್ಚುವ ಮುಂಚೆ ಪ್ರತಿಯೊಂದಕ್ಕೂ ನಂಬರ್ ಬರೆಯಿರಿ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈಯವರು ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದನ್ನು ಒಮ್ಮೆ ಹೋಗಿ ನೋಡಿದರೆ ಇದು ಹೇಗೆ ಸಾಧ್ಯ ಅಂತ ಅರ್ಥವಾಗುತ್ತದೆ.

ಗಂಟೆ, ನಾಮಫಲಕ, ಶಿಲಾನ್ಯಾಸದ ಕಲ್ಲು, ಟ್ರೋಫಿ ಇಂಥವನ್ನು ಯಾವ ಶಾಲೆಗೋ ಸಂಗ್ರಹಾಲಯಕ್ಕೋ ಕೊಡುವುದಾದರೆ ಆಡಳಿತ ಮಂಡಳಿಯ ಒಪ್ಪಿಗೆಯೊಂದಿಗೆ ಎರವಲು ಪತ್ರ ಮಾಡಿಸಿ. ವಸ್ತುವಿನ ವಿವರ, ಫೋಟೋ, ಅಳತೆ, ಎಷ್ಟು ವರ್ಷಕ್ಕೆ, ಆ ಸಂಸ್ಥೆಯೂ ಮುಚ್ಚಿದರೆ ಯಾರಿಗೆ ಹಿಂದಿರುಗಿಸಬೇಕು ಎಲ್ಲ ಬರೆದು ಎರಡೂ ಕಡೆಯವರು ಸಹಿ ಹಾಕಲಿ. ನಮ್ಮ ಕಾಲೇಜಿನ ಗಂಟೆ ರೈಲು ಹಳಿಯ ಒಂದು ತುಂಡು. ಅದು ಈಗ ಹತ್ತಿರದ ಪ್ರಾಥಮಿಕ ಶಾಲೆಯ ಜಗಲಿಯಲ್ಲಿ ತೂಗುತ್ತಿದೆ. ಅದರ ಎರವಲು ಪತ್ರದ ಒಂದು ಪ್ರತಿ ಶಾಲೆಯಲ್ಲಿದೆ, ಒಂದು ನಮ್ಮ ಸಂಘದ ಫೈಲಿನಲ್ಲಿದೆ, ಒಂದು ಅಟೆಂಡರಣ್ಣನ ಮನೆಯಲ್ಲಿದೆ.